ಕಥೆ ಬರೆದವರ ಹೆಸರು

ಕಾದಂಬರಿಯನ್ನು ಓದಿದವರೊಬ್ಬರು, ಅದರ ಸಿನಿಮಾವನ್ನು ಮಾತ್ರ ನೋಡಿದವರೊಬ್ಬರು ಒಂದೇ ಸೂರಿನಡಿ ಇದ್ದರೆ ಆ ಮನೆಯಲ್ಲಿ ಮಾತಿಗೆ ಬರಗಾಲವೆಂಬುದಿಲ್ಲ. “ಪುಸ್ತಕದಲ್ಲಿ ಹೀಗಿರಲಿಲ್ಲ” ಎಂಬ ಒಂದು ಮಾತು ಬಿದ್ದರೆ ಸಾಕು. ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಎರಡು ಪಕ್ಷಗಳು ಸಿದ್ಧವಾಗುತ್ತವೆ. ಓದಿದವರ ದನಿಯಲ್ಲಿ ತುಸು ಹಮ್ಮು, ನೋಡಿದವರ ದನಿಯಲ್ಲಿ ತುಸು ಸಿಡುಕು. ಓದಿಯೂ ನೋಡಿಯೂ ಇರುವ ಬಡಪಾಯಿಗೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. ಓದದೆ, ನೋಡದೆ, ಬರಿಯ ಹಾಡು ಕೇಳಿದವರು ಮಾತ್ರ ನಿಶ್ಚಿಂತೆಯಿಂದ ಎರಡನೆಯ ಸಲ ಮಜ್ಜಿಗೆ ಹಾಕಿಸಿಕೊಳ್ಳುತ್ತಾರೆ.

ಕನ್ನಡದ ಮನೆಗಳಲ್ಲಿ ಈ ವ್ಯಾಜ್ಯ ಅರವತ್ತು ವರ್ಷ ಮೀರಿದ್ದು. 1962ರಲ್ಲಿ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ಯು ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಹೆಸರಿನಲ್ಲಿ ತೆರೆಗೆ ಬಂದಿತು. ಮರುವರ್ಷ ಅವರದೇ ‘ಕುಲವಧು’, 1964ರಲ್ಲಿ ತ.ರಾ.ಸು. ಅವರ ‘ಚಂದವಳ್ಳಿಯ ತೋಟ’; 1966ರಲ್ಲಿ ಅ.ನ.ಕೃ. ಅವರ ‘ಸಂಧ್ಯಾರಾಗ’, 1967ರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಚಿತ್ರ ನಿರ್ಮಾಪಕರು ಕಥೆ ಬೇಕೆಂದಾಗ ಪುಸ್ತಕದಂಗಡಿಯತ್ತ ಕಣ್ಣು ಹಾಯಿಸುವುದನ್ನು ನಾಚಿಕೆಯ ಸಂಗತಿ ಎಂದು ಭಾವಿಸಲಿಲ್ಲ. ನಾಯಕ ನಾಯಕಿಯರ ಹೆಸರಿನಂತೆ ಕಾದಂಬರಿಕಾರರ ಹೆಸರೂ ಜಾಹೀರಾತಿನ ಒಂದು ಆಕರ್ಷಣೆಯಾಗಿದ್ದ ಕಾಲ ಅದು.

ಬೆಂಗಳೂರಿನ ದಂಡಿನ ಭಾಗದಲ್ಲಿರುವ ಮರ್ಫಿ ಟೌನಿನಲ್ಲಿ ಈ ವ್ಯಾಜ್ಯಕ್ಕೆ ಬೇರೆಯದೇ ಒಂದು ತಿರುವಿದೆ. ಹಲಸೂರಿಗೆ ಹೊಂದಿಕೊಂಡ ಈ ಬಡಾವಣೆಯನ್ನು ಹಿಂದೆ ನಾಕ್ಸ್‌ಪೇಟೆ ಎನ್ನುತ್ತಿದ್ದರು. ದಂಡಿನ ಆಡಳಿತದಲ್ಲಿ ಎಂಜಿನಿಯರಾಗಿದ್ದ ಮರ್ಫಿಯವರ ಹೆಸರು ಆಮೇಲೆ ಬಂದುದು. ತಮಿಳು, ತೆಲುಗು, ಉರ್ದು, ಇಂಗ್ಲಿಷುಗಳ ನಡುವೆ ಕನ್ನಡವೂ ಒಂದು ಎಂಬಂತೆ ಇಲ್ಲಿನ ಓಣಿಗಳು ಬೆಳೆದವು. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಒಂದಾದ ಊರು ಟಾಕೀಸುಗಳ ಮಟ್ಟಿಗೆ ಬಹುಕಾಲ ಎರಡಾಗಿಯೇ ಉಳಿಯಿತು. ದಂಡಿನ ಕಡೆ ಇಂಗ್ಲಿಷ್, ಹಿಂದಿ, ತಮಿಳು ಚಿತ್ರಗಳದೇ ಪ್ರಾಬಲ್ಯ. ಹೊಸ ಕನ್ನಡ ಚಿತ್ರ ನೋಡಬೇಕೆಂದರೆ ಬುತ್ತಿ ಕಟ್ಟಿಕೊಳ್ಳದಿದ್ದರೂ ಆ ಹುರುಪಿನಲ್ಲಿಯೇ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಹೋಗಬೇಕಾಗಿತ್ತು.

ಹಾಗೆ ಹೋದವರಲ್ಲಿ, ಓಣಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರು ಮುಖ್ಯರು. ತುಮಕೂರಿನ ಕಡೆಯವರು. 1966ರಲ್ಲಿ ಕಾರ್ಖಾನೆಯ ಫಿಟ್ಟರೊಬ್ಬರ ಕೈಹಿಡಿದು ಮರ್ಫಿ ಟೌನಿಗೆ ಬಂದರು. ಸುತ್ತಲ ಮಾತು ತಿಳಿಯದ ಆ ಮೊದಲ ವರ್ಷಗಳಲ್ಲಿ ಅವರಿಗೆ ಆಸರೆಯಾದುದು ವಾರಪತ್ರಿಕೆಯ ಧಾರಾವಾಹಿ. ಯಜಮಾನರು ಸಂಬಳದ ದಿನ ತೆಂಗಿನಕಾಯಿ ಮರೆತು ಬಂದರೂ ಬರಬಹುದು, ಪತ್ರಿಕೆಯನ್ನು ಮರೆತು ಬರುವಂತಿರಲಿಲ್ಲ.

ಅವರ ಮನೆಯ ಮರದ ಬೀರುವಿನ ಕೆಳಗಿನ ಅಂತಸ್ತಿನಲ್ಲಿ ಇಂದಿಗೂ ಕೆಲವು ವಿಚಿತ್ರ ಪುಸ್ತಕಗಳಿವೆ. ಇವು ಅಂಗಡಿಯಲ್ಲಿ ಕೊಂಡವಲ್ಲ. ಪ್ರತಿ ವಾರ ಪತ್ರಿಕೆಯ ಪಿನ್ನು ಬಿಡಿಸಿ, ಧಾರಾವಾಹಿಯ ಹಾಳೆಗಳನ್ನಷ್ಟೇ ಜೋಪಾನವಾಗಿ ತೆಗೆದಿಟ್ಟು, ಕಥೆ ಮುಗಿದ ಮೇಲೆ ಬೈಂಡಿನವನಿಗೆ ಕೊಟ್ಟು ಕ್ಯಾಲಿಕೊ ಬೆನ್ನು ಹಾಕಿಸಿಕೊಂಡವು. ಒಂದು ಪುಟದಲ್ಲಿ ನಾಯಕಿ ಕಣ್ಣೀರಿಡುತ್ತಿದ್ದರೆ ಅದರ ಹಿಂಬದಿಯಲ್ಲಿ ಅರ್ಧ ಪದಬಂಧ. ಇನ್ನೊಂದರ ಹಿಂದೆ ಹುಳಿಯವಲಕ್ಕಿ ಮಾಡುವ ಕ್ರಮ, ಅದೂ ಒಗ್ಗರಣೆಯವರೆಗೆ ಮಾತ್ರ. ಐವತ್ತು ವರ್ಷಗಳ ಹಿಂದಿನ ಮಧ್ಯಮ ವರ್ಗದ ಮನೆ ಹೇಗಿತ್ತೆಂದು ತಿಳಿಯಬಯಸುವ ಚರಿತ್ರಕಾರರು ಕಾದಂಬರಿಯ ಕಡೆ ನೋಡದೆ ಈ ಹಿಂಬದಿಗಳನ್ನೇ ಓದಿದರೂ ನಷ್ಟವಾಗದು.

ಅವುಗಳಲ್ಲೊಂದು ಎಚ್. ಕೆ. ಅನಂತರಾವ್ ಅವರ ‘ಅಂತ’. ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮನೆಯ ನಿದ್ದೆಗೆಡಿಸಿದ ಕಥೆ ಅದು. ದೊಡ್ಡಮ್ಮನವರ ಪ್ರತಿಯಲ್ಲಿ ಒಂದು ಕಂತು ಇಲ್ಲ. ಆ ವಾರದ ಪತ್ರಿಕೆಯನ್ನು ನೆಂಟರೊಬ್ಬರು ರೈಲಿನಲ್ಲಿ ಓದಲು ಒಯ್ದವರು ರೈಲಿನೊಡನೆಯೇ ಬಿಟ್ಟುಬಿಟ್ಟರು. ಬೈಂಡಿನವನು ಆ ಜಾಗದಲ್ಲಿ ಎರಡು ಖಾಲಿ ಹಾಳೆ ಸೇರಿಸಿದ. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ನಿರ್ದೇಶನದಲ್ಲಿ, ಅಂಬರೀಷ್ ನಾಯಕರಾಗಿ ‘ಅಂತ’ ಚಿತ್ರ ಬಂದಾಗ ದೊಡ್ಡಮ್ಮನವರು ಹಣ ಕೂಡಿಸಿಕೊಂಡು ಹೋದುದು ಆ ಒಂದು ವಾರ ಏನಾಯಿತೆಂದು ತಿಳಿಯುವುದಕ್ಕಾಗಿ. ಮೂರು ಗಂಟೆ ಕಣ್ಣು ಮಿಟುಕಿಸದೆ ನೋಡಿದರೂ ತಿಳಿಯಲಿಲ್ಲ. ಹಿಂದಿನ ಕಂತಿನದೂ ಇತ್ತು, ಮುಂದಿನ ಕಂತಿನದೂ ಇತ್ತು. ನಡುವಣದು ಎಲ್ಲಿ ಅಡಗಿತೋ! ಆ ಖಾಲಿ ಹಾಳೆಗಳು ಇಂದಿಗೂ ಖಾಲಿಯಾಗಿಯೇ ಇವೆ.

ಕಾದಂಬರಿಗೂ ಸಿನಿಮಾಕ್ಕೂ ಇರುವ ನಿಜವಾದ ಅಂತರ ಈ ವಾರದಲ್ಲಿಯೇ ಇದೆಯೆಂದರೆ ತಪ್ಪಾಗಲಾರದು. ಸಾಮಾನ್ಯವಾಗಿ ಜನ ದೂರುವುದು ಕಥೆಯ ಬದಲಾವಣೆಯನ್ನು. ಆ ಪಾತ್ರವನ್ನು ಕೈಬಿಟ್ಟರು, ಈ ಸನ್ನಿವೇಶವನ್ನು ಸೇರಿಸಿದರು, ಸಾಯಬೇಕಾದವನನ್ನು ಬದುಕಿಸಿದರು, ಬದುಕಬೇಕಾದವಳನ್ನು ಕೊಂದರು ಎಂದು. ಮುನ್ನೂರು ಪುಟವನ್ನು ಎರಡೂವರೆ ಗಂಟೆಗೆ ಇಳಿಸುವವರು ಕತ್ತರಿ ಹಿಡಿಯಲೇಬೇಕು. ದರ್ಜಿ ಬಟ್ಟೆ ಕತ್ತರಿಸಿದನೆಂದು ಯಾರಾದರೂ ದೂರುತ್ತಾರೆಯೆ? ಆದರೆ ಧಾರಾವಾಹಿ ಓದುವವರಿಗೆ ಎರಡು ಕಂತುಗಳ ನಡುವೆ ಏಳು ದಿನಗಳಿರುತ್ತಿದ್ದವು. ಕಥೆ ಬೆಳೆಯುತ್ತಿದ್ದುದು ಆ ಏಳು ದಿನಗಳಲ್ಲಿ. ನಲ್ಲಿಯ ಬಳಿ, ಹಿಟ್ಟಿನ ಗಿರಣಿಯ ಬಳಿ, ಇಸ್ತ್ರಿಯವನ ಗಾಡಿಯ ಬಳಿ ನಾಯಕಿಯ ಭವಿಷ್ಯವನ್ನು ಕುರಿತು ತೀರ್ಮಾನಗಳಾಗುತ್ತಿದ್ದವು. ಸಿನಿಮಾದಲ್ಲಿ ಇದಕ್ಕೆಲ್ಲ ದೊರೆಯುವುದು ಹತ್ತು ನಿಮಿಷದ ಇಂಟರ್‌ವಲ್. ಅದರಲ್ಲಿ ಕಡಲೆಕಾಯಿ ಕೊಳ್ಳುವುದಕ್ಕೂ ಹೊತ್ತು ಸಾಲದು. ಓದುಗನು ಕಥೆಯಲ್ಲಿ ಪಾಲುದಾರ, ಪ್ರೇಕ್ಷಕನು ಅತಿಥಿ. ಅತಿಥಿಗೆ ಹೆಚ್ಚು ಉಪಚಾರವಾಗುತ್ತದೆ, ನಿಜ. ಅಡುಗೆಮನೆಯೊಳಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ.

ಹಾಗೆಂದು ಸಿನಿಮಾ ಕೊಟ್ಟುದನ್ನು ಮರೆಯುವುದು ಕೃತಘ್ನತೆಯಾದೀತು. ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನು ಚಿತ್ರಿಸಿದಾಗ ಬೇಂದ್ರೆಯವರ ‘ಬೆಳಗು’ ಕವನವನ್ನು ತಂದು ಅದರಲ್ಲಿರಿಸಿದರು. ವಿಜಯಭಾಸ್ಕರರು ರಾಗ ಹಾಕಿದರು. ತ್ರಿವೇಣಿಯವರ ಅಂಗಳಕ್ಕೆ ಬೇಂದ್ರೆಯವರು ಬಂದು ನಿಂತಂತಾಯಿತು, ಮನೆಗೆ ಕಳೆ ಬಂದಿತು. ‘ಕುಲವಧು’ವಿನಲ್ಲಿ ಬೇಂದ್ರೆಯವರದೇ ಯುಗಾದಿಯ ಗೀತೆಯನ್ನು ಎಸ್. ಜಾನಕಿಯವರು ಹಾಡಿದರು. ಆ ಹಾಡು ಕಿವಿಗೆ ಬೀಳದೆ ಕನ್ನಡಿಗರ ಯುಗಾದಿ ಮುಗಿಯುವುದಿಲ್ಲ. ಪುರಾಣಿಕರ ಕಾದಂಬರಿಯನ್ನು ಓದಿದವರು ಇಂದು ಎಷ್ಟು ಮಂದಿಯೋ, ಆದರೆ ಅದರ ಹೆಸರು ಒಂದು ಹಾಡಿನ ಸೆರಗು ಹಿಡಿದು ವರ್ಷಕ್ಕೊಮ್ಮೆ ಮನೆಯೊಳಗೆ ಬರುತ್ತದೆ. ಇದು ಗೆಲುವೋ ಸೋಲೋ ಹೇಳುವುದು ಕಷ್ಟ.

‘ನಾಗರಹಾವು’ ಇನ್ನೊಂದು ಬಗೆಯದು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಪುಸ್ತಕಗಳನ್ನು ಪುಟ್ಟಣ್ಣನವರು ಒಂದೇ ಚಿತ್ರವಾಗಿ ಹೆಣೆದರು. 1972ರ ಕೊನೆಯ ವಾರದಲ್ಲಿ ಅದು ತೆರೆಕಂಡಿತು. ವಿಷ್ಣುವರ್ಧನರು ಒಂದೇ ಚಿತ್ರದಿಂದ ನಾಡಿನ ಮನೆಮಗನಾದರು. ಕಾದಂಬರಿಕಾರರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ನಾಗರವನ್ನು ಕೇರೆ ಮಾಡಿಬಿಟ್ಟರೆಂದು ಅವರು ನೊಂದುಕೊಂಡರೆಂಬುದು ಇಂದಿಗೂ ಜನಜನಿತವಾದ ಮಾತು. ಹೆತ್ತವರ ನೋವು ಸಹಜವೇ. ಆದರೆ ಪರದೆಯ ಮೇಲೆ ಅಶ್ವತ್ಥರ ಚಾಮಯ್ಯ ಮೇಷ್ಟ್ರನ್ನು ಕಂಡು ಕಣ್ಣೊರೆಸಿಕೊಂಡವರಿಗೆ ಅದು ಕೇರೆಹಾವೆಂದು ನಂಬಿಸುವುದು ಯಾರಿಗೂ ಸಾಧ್ಯವಾಗಿಲ್ಲ. ಕಥೆಯನ್ನು ಬರೆದವರ ದೃಷ್ಟಿಯಲ್ಲಿ ಕೆಟ್ಟ ಚಿತ್ರವೊಂದು, ನೋಡಿದವರ ಬದುಕಿನಲ್ಲಿ ಒಳ್ಳೆಯ ಚಿತ್ರವಾಗಿರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

‘ಬಂಗಾರದ ಮನುಷ್ಯ’ದ ಮಾತೂ ಹೀಗೆಯೇ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಟಿ. ಕೆ. ರಾಮರಾಯರ ಪುಸ್ತಕ ಅದು; 1972ರಲ್ಲಿ ಸಿದ್ದಲಿಂಗಯ್ಯನವರ ನಿರ್ದೇಶನದಲ್ಲಿ ಬಂದ ಚಿತ್ರ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಆ ಎರಡು ವರ್ಷಗಳಲ್ಲಿ ಮರ್ಫಿ ಟೌನಿನಿಂದ ಹೊರಟ ಬಸ್ಸುಗಳಲ್ಲಿ ರಾಜೀವನ ಹೆಸರು ಹೇಳದವರಿರಲಿಲ್ಲ. ರಾಮರಾಯರ ಹೆಸರು ಹೇಳುವವರನ್ನು ಹುಡುಕಬೇಕಿತ್ತು.

ಇಲ್ಲಿಯವರೆಗಿನದು ಓದಬಲ್ಲವರ ಜಗಳ. ಓದಲು ಬಾರದವರ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ದೊಡ್ಡಮ್ಮನವರ ಮನೆಯಿಂದ ಮೂರನೆಯ ಬಾಗಿಲಿನಲ್ಲಿ ನಿವೃತ್ತ ದಾದಿಯೊಬ್ಬರಿದ್ದಾರೆ, ಓಣಿಗೆಲ್ಲ ಸಿಸ್ಟರಮ್ಮ. ಹುಟ್ಟಿದ್ದು ಇಲ್ಲಿಯೇ, ಮನೆಮಾತು ತಮಿಳು, ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡವನ್ನು ರೋಗಿಗಳಿಂದ ಕಲಿತರು. ಆದ್ದರಿಂದ ಅವರ ಕನ್ನಡದಲ್ಲಿ “ಎಲ್ಲಿ ನೋವು?”, “ಎಷ್ಟು ದಿನದಿಂದ?” ಎಂಬ ಪ್ರಶ್ನೆಗಳು ಬಹಳ ಶುದ್ಧ. ಅಕ್ಷರ ಮಾತ್ರ ಬಾರದು.

1971ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜೊತೆಯ ದಾದಿಯರು ಅವರನ್ನು ‘ಶರಪಂಜರ’ಕ್ಕೆ ಕರೆದೊಯ್ದರು. ಹೆರಿಗೆಯ ನಂತರ ಬುದ್ಧಿ ಕದಡಿದ ಕಾವೇರಿ ಎಂಬ ಹೆಂಗಸು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಮಾತ್ರ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಕಲ್ಪನಾ ಅವರ ಅಭಿನಯವನ್ನು ಊರೆಲ್ಲ ಹೊಗಳುತ್ತಿತ್ತು. ಸಿಸ್ಟರಮ್ಮ ಮಾತ್ರ ಸಪ್ಪೆ ಮುಖದಿಂದ ಬಂದರು. ಆ ಕಾಯಿಲೆಯ ಹೆಂಗಸರನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡವರು ಅವರು. ಕೂಗು, ನಗು, ಹರಿದ ಕೂದಲು ಅವರ ಲೆಕ್ಕಕ್ಕೆ ಬರಲಿಲ್ಲ. ಮರುದಿನ ದೊಡ್ಡಮ್ಮನವರ ಬಾಗಿಲಲ್ಲಿ ನಿಂತು ಕೇಳಿದರು:

“ಅಕ್ಕಾ, ಮನೆಗೆ ವಾಪಸ್ ಬಂದ ಮೇಲೆ ಎಲ್ಲರೂ ಅವಳನ್ನ ಒಂದು ಥರಾ ನೋಡ್ತಾರಲ್ಲ, ಅದು ನೂರಕ್ಕೆ ನೂರು ನಿಜ. ಅದನ್ನ ಸಿನಿಮಾದವರು ಎಲ್ಲಿ ಕಂಡರು? ಕಥೆ ಬರೆದವರು ಡಾಕ್ಟರಾ?”

“ಡಾಕ್ಟರಲ್ಲ ಕಣಮ್ಮ. ತ್ರಿವೇಣಿ ಅಂತ, ಮೈಸೂರಿನವರು.”

“ಅವರಿಗೆ ಒಂದು ಕಾಗದ ಬರೀಬೇಕಲ್ಲ.”

“ಯಾರಿಗೆ ಬರೀತೀಯ? ಅವರು ಹೋಗಿ ಎಂಟು ವರ್ಷವಾಯಿತು. ಹೆರಿಗೆಯಾಗಿ ಕೆಲವೇ ದಿನಕ್ಕೆ.”

ತ್ರಿವೇಣಿಯವರು ತೀರಿಕೊಂಡುದು 1963ರ ಜುಲೈಯಲ್ಲಿ, ಮೂವತ್ತೈದು ತುಂಬಿರಲಿಲ್ಲ. ತಮ್ಮ ಇಂದಿರೆಗೂ ತಮ್ಮ ಕಾವೇರಿಗೂ ಕಲ್ಪನಾ ಅವರ ಮುಖ ಬರುವುದೆಂದು ಅವರಿಗೆ ತಿಳಿಯಲು ಅವಕಾಶವೇ ಇರಲಿಲ್ಲ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಯಾವುದನ್ನೂ ಅವರು ತೆರೆಯ ಮೇಲೆ ನೋಡಲಿಲ್ಲ. ತ.ರಾ.ಸು. ಅವರಿಗಾದರೂ ಕೇರೆಹಾವೆಂದು ಮುನಿಸಿಕೊಳ್ಳುವ ಭಾಗ್ಯವಿತ್ತು.

ಈ ಮಾತನ್ನು ಕೇಳಿದ ಮೇಲೆ ಸಿಸ್ಟರಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲವಂತೆ. ಮುಂದಿನ ವಾರ ಬಂದು, ಆ ಪುಸ್ತಕ ಇದೆಯೇ ಎಂದರು. ಇತ್ತು. ಓದಲು ಬರುವುದಿಲ್ಲ, ಕಲಿಸಿ ಎಂದರು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಗುಗಳಲ್ಲಿ, ಅಕ್ಕಿ ಆರಿಸುವ ಮೊರದ ಪಕ್ಕದಲ್ಲಿ ಕುಳಿತು, ಮಗುವಿನ ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದರು. ಒತ್ತಕ್ಷರಗಳು ಅವರಿಗೆ ಬಹಳ ಕಾಟ ಕೊಟ್ಟವು. ತಮಿಳಿನಲ್ಲಿ ಮಹಾಪ್ರಾಣದ ಗೊಡವೆಯಿಲ್ಲವಾದ್ದರಿಂದ ‘ಧ’ವನ್ನೂ ‘ದ’ವನ್ನೂ ಬೇರೆಬೇರೆಯಾಗಿ ಏಕೆ ಇಟ್ಟುಕೊಂಡಿದ್ದೀರಿ, ಒಂದು ಸಾಲದೆ ಎಂದು ಕೇಳಿದರು. ದೊಡ್ಡಮ್ಮನವರ ಬಳಿ ಇದಕ್ಕೆ ಉತ್ತರವಿರಲಿಲ್ಲ. ‘ಶರಪಂಜರ’ ಮುಗಿಯಲು ಎಂಟು ತಿಂಗಳು ಹಿಡಿಯಿತು.

ಮುಗಿದ ಮೇಲೆ ಅವರು ಕೊಟ್ಟ ತೀರ್ಪು, ವಿಮರ್ಶಕರು ಬಹಳ ಬರೆದು ಹೇಳುವುದಕ್ಕಿಂತ ಚಿಕ್ಕದಾಗಿತ್ತು. ಸಿನಿಮಾದಲ್ಲಿ ಕಾವೇರಿಯನ್ನು ನೋಡಿ ಹೆದರಿಕೆಯಾಯಿತು, ಪುಸ್ತಕದಲ್ಲಿ ಮನೆಯವರನ್ನು ನೋಡಿ ಹೆದರಿಕೆಯಾಯಿತು ಎಂದರು. ಕಲ್ಪನಾ ಅವರ ಅಭಿನಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಅಭಿನಯ ಎಷ್ಟು ದೊಡ್ಡದಾಯಿತೆಂದರೆ ಅದರ ಎದುರು ಮನೆಯವರು ಚಿಕ್ಕವರಾಗಿ ಕಾಣುತ್ತಾರೆ. ಆಮೇಲೆ ಕಾಲೇಜು ಉತ್ಸವಗಳಲ್ಲಿ ಕಾವೇರಿಯ ನಗುವನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದವರು ಎಷ್ಟೋ ಮಂದಿ. ಪಕ್ಕದ ಮನೆಯವರ ಪಿಸುಮಾತನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುವುದಾಗದು. ಅದು ಪ್ರತಿ ಮನೆಯಲ್ಲಿಯೂ ಇದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು 1983ರಲ್ಲಿ ಪ್ರೇಮಾ ಕಾರಂತರು ಚಿತ್ರಿಸಿದಾಗ ಈ ಅಪಾಯ ತಪ್ಪಿತು. ಅಲ್ಲಿ ಫಣಿಯಮ್ಮ ಮೆಲ್ಲಗೆ ನಡೆಯುತ್ತಾಳೆ, ಮೆಲ್ಲಗೆ ಮಾತಾಡುತ್ತಾಳೆ; ಕ್ರೂರವಾಗಿ ಕಾಣುವುದು ಸುತ್ತಲಿನ ಮನೆ. ಆ ಚಿತ್ರ ಎರಡು ವರ್ಷ ಓಡಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಅಕ್ಷರ ಕಲಿತ ಸಿಸ್ಟರಮ್ಮನವರ ಮನೆಯಲ್ಲಿಯೇ ಮುಂದೊಂದು ಜಗಳ ನಡೆಯಿತು. 1992ರಲ್ಲಿ ರಜನೀಕಾಂತರ ‘ಮನ್ನನ್’ ಬಂದಿತು. ಹಲಸೂರಿನ ಸುತ್ತುಮುತ್ತ ಅದು ಸಿನಿಮಾ ಅಲ್ಲ, ಜಾತ್ರೆ. ಸಿಸ್ಟರಮ್ಮನವರ ಮಗ ಆಗ ಇಪ್ಪತ್ತರ ಹುಡುಗ. ಮೊದಲ ವಾರದಲ್ಲಿಯೇ ಮೂರು ಸಲ ನೋಡಿ ಬಂದು ಕಥೆಯನ್ನು ಅಭಿನಯಸಹಿತ ಹೇಳುತ್ತಿದ್ದ. ಸೊಕ್ಕಿನ ಶ್ರೀಮಂತ 'ಮೇಡಂ', ಅವಳ ಕಾರ್ಖಾನೆಯಲ್ಲಿ ದುಡಿಯುವ ಸ್ವಾಭಿಮಾನಿ ನಾಯಕ, ಅವನ ತಾಯಿ. ಸಕ್ಕರೆ ಸಾಲ ಕೇಳಲು ಬಂದಿದ್ದ ದೊಡ್ಡಮ್ಮನವರು ಲೋಟ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು.

“ಇದು ನಮ್ಮ ರಾಧಾದೇವಿಯವರ ಕಥೆ ಕಣಪ್ಪ.”

“ಯಾವ ರಾಧಾದೇವಿ, ಪೆರಿಯಮ್ಮಾ? ಇದು ರಜನಿ ಪಡಂ!”

ಹುಡುಗನ ತಪ್ಪಿಲ್ಲ. ಎಚ್. ಜಿ. ರಾಧಾದೇವಿಯವರ ಕಾದಂಬರಿಯನ್ನಾಧರಿಸಿ 1986ರಲ್ಲಿ ರಾಜಕುಮಾರರ ‘ಅನುರಾಗ ಅರಳಿತು’ ಬಂದಿತ್ತು. ಆ ಕಥೆಯೇ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಆಯಿತು. ಅದೇ ವರ್ಷ ತೆಲುಗಿನಲ್ಲಿ ಚಿರಂಜೀವಿಯವರ ‘ಘರಾನಾ ಮೊಗುಡು’ ಆಯಿತು. 1994ರಲ್ಲಿ ಹಿಂದಿಯಲ್ಲಿ ಅನಿಲ್ ಕಪೂರ್, ಶ್ರೀದೇವಿಯವರ ‘ಲಾಡ್ಲಾ’ ಆಯಿತು. ಕನ್ನಡದ ಹೆಣ್ಣುಮಗಳೊಬ್ಬಳು ಬಿಳಿಯ ಹಾಳೆಯ ಮೇಲೆ ಬರೆದ ಕಥೆ ನಾಲ್ಕು ಭಾಷೆಗಳಲ್ಲಿ ನಾಲ್ವರು ನಾಯಕರಿಗೆ ಮೀಸೆ ತಿರುವಲು ಅವಕಾಶ ಕೊಟ್ಟಿತು. ಮರ್ಫಿ ಟೌನಿನ ಒಂದೇ ಓಣಿಯಲ್ಲಿ ಆ ನಾಲ್ಕನ್ನೂ ನೋಡಿದವರಿದ್ದರು. ತೆಲುಗಿನ ಮನೆಯವರು ಅದು ಚಿರಂಜೀವಿಯ ಕಥೆ ಎಂದರು, ಉರ್ದು ಮಾತಿನ ಮನೆಯವರು ಶ್ರೀದೇವಿಯ ಕಥೆ ಎಂದರು. ಎಲ್ಲರೂ ಒಬ್ಬರ ಮನೆಯ ಊಟವನ್ನೇ ಉಂಡಿದ್ದರು, ಬಡಿಸಿದವರ ಹೆಸರು ಯಾರಿಗೂ ತಿಳಿದಿರಲಿಲ್ಲ.

ಆ ಕಥೆಯಲ್ಲಿ ಹೆಣ್ಣಿನ ಸೊಕ್ಕನ್ನು ಇಳಿಸುವ ರೀತಿ ಇಂದಿನವರಿಗೆ ಒಪ್ಪಿಗೆಯಾಗದಿರಬಹುದು. ಭಾಷೆಯಿಂದ ಭಾಷೆಗೆ ಹೋದಂತೆ ನಾಯಕನ ಕೈ ಮೇಲಾಗುತ್ತ ಹೋಯಿತೆಂದು ದೊಡ್ಡಮ್ಮನವರ ಆಕ್ಷೇಪಣೆ. ಅದು ಬೇರೆ ಚರ್ಚೆ.

ಕನ್ನಡ ಕಾದಂಬರಿಗಳ ಇಂಥ ಅಜ್ಞಾತವಾಸಗಳು ಇನ್ನೂ ಅನೇಕವಿವೆ. ‘ಶರಪಂಜರ’ 1974ರಲ್ಲಿ ತೆಲುಗಿನಲ್ಲಿ ವಾಣಿಶ್ರೀಯವರ ‘ಕೃಷ್ಣವೇಣಿ’ ಆಯಿತು. ನಲವತ್ತೈದರ ಆಸುಪಾಸಿನಲ್ಲಿ ಲೇಖನಿ ಹಿಡಿದ ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, 1969ರಲ್ಲಿ ಕನ್ನಡದಲ್ಲಿ ಬಂದು, ತೆಲುಗಿನಲ್ಲಿ ‘ಕಲ್ಯಾಣ ಮಂಟಪಂ’ ಆಗಿ, 1981ರಲ್ಲಿ ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ ಆಯಿತು. ತ.ರಾ.ಸು. ಅವರ ‘ಹಂಸಗೀತೆ’ಯ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಚಿತ್ರದುರ್ಗದ ಸಂಗೀತಗಾರನೊಬ್ಬನ ಆ ಕಥೆ ಮೊದಲು ಚಿತ್ರವಾದುದು ಕನ್ನಡದಲ್ಲಲ್ಲ. 1956ರಲ್ಲಿ, ಹಿಂದಿಯಲ್ಲಿ, ‘ಬಸಂತ್ ಬಹಾರ್’ ಎಂದು. ಅದರಲ್ಲಿ ಮನ್ನಾ ಡೇ ಅವರೊಡನೆ ಹಾಡಿದವರು ನಮ್ಮ ಗದುಗಿನ ಭೀಮಸೇನ ಜೋಶಿಯವರು. ಜಿ. ವಿ. ಅಯ್ಯರರು ಅದನ್ನು ಕನ್ನಡದಲ್ಲಿ ತೆಗೆದುದು 1975ರಲ್ಲಿ, ಹತ್ತೊಂಬತ್ತು ವರ್ಷಗಳ ತರುವಾಯ. ಹೊರಗೆ ದುಡಿದು ಹೆಸರು ಮಾಡಿದ ಮಗ ಬಹಳ ತಡವಾಗಿ ತೌರಿಗೆ ಬಂದಂತೆ.

ಈಗ ಹಲಸೂರಿನ ಲಿಡೊ ಚಿತ್ರಮಂದಿರ ಇದ್ದೆಡೆಯಲ್ಲಿ ಮಾಲು ನಿಂತಿದೆ. 2011ರಿಂದ ಹಲಸೂರಿನ ಮೇಲೆ ಮೆಟ್ರೊ ಓಡುತ್ತಿದೆ. ಅದರಲ್ಲಿ ಕುಳಿತವರು ಅಂಗೈಯಗಲದ ಪರದೆಯಲ್ಲಿ ಐವತ್ತು ವರ್ಷ ಹಿಂದಿನ ಚಿತ್ರಗಳನ್ನು ಬೇಕೆಂದಾಗ ನೋಡುತ್ತಾರೆ. ಸಿನಿಮಾ ಹೀಗೆ ಸುಲಭವಾಯಿತು. ಕಾದಂಬರಿ ಸುಲಭವಾಗಲಿಲ್ಲ. ತ್ರಿವೇಣಿ, ಇಂದಿರಾ ಅವರ ಪುಸ್ತಕಗಳು ಮರುಮುದ್ರಣವಾಗುತ್ತಿವೆ, ಸಂತೋಷ. ಅವರ ಜೊತೆಯಲ್ಲಿಯೇ ಮನೆಮನೆಯನ್ನು ಆಳಿದ ಎಷ್ಟೋ ಲೇಖಕಿಯರ ಪುಸ್ತಕಗಳನ್ನು ಹಳೆಯ ಪುಸ್ತಕದಂಗಡಿಯ ಧೂಳಿನಲ್ಲಿ ಅದೃಷ್ಟವಿದ್ದರೆ ಕಾಣಬಹುದು. ಚಿತ್ರ ಉಳಿದು ಪುಸ್ತಕ ಅಳಿದರೆ “ಪುಸ್ತಕದಲ್ಲಿ ಹೀಗಿರಲಿಲ್ಲ” ಎಂದು ಹೇಳಲು ಯಾರೂ ಇರುವುದಿಲ್ಲ. ಊಟದ ಹೊತ್ತು ಬಹಳ ಶಾಂತವಾಗಿರುತ್ತದೆ.

ದೊಡ್ಡಮ್ಮನವರ ಮೊಮ್ಮಗಳು ಇಂಥ ಅಂಗೈ ಪರದೆಯ ಕಾಲದವಳು. ‘ಬೆಳ್ಳಿಮೋಡ’ವನ್ನು ಅವಳು ನೋಡಿದ್ದಾಳೆ, ಓದಿಲ್ಲ. ಒಬ್ಬಳೇ ಮಗಳೆಂದು ಇಂದಿರೆಯನ್ನು ಮದುವೆಯಾಗಲು ಒಪ್ಪಿದ್ದ ಮೋಹನ, ಆಕೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದಾಗ ಹಿಂದೆಗೆದದ್ದು ಅವಳಿಗೆ ಆಶ್ಚರ್ಯವೆನಿಸಲಿಲ್ಲ. ಈಗಲೂ ಅಂಥವರಿದ್ದಾರೆ ಎಂದಳು. ಅವಳ ತಕರಾರು ಇಂದಿರೆಯ ಮೇಲೆ.

“ಅವಳು ಓದಿ ಕೆಲಸಕ್ಕೆ ಹೋಗಬಹುದಿತ್ತಲ್ಲ ಅಜ್ಜಿ. ಬರೀ ಬೇಡ ಅಂದಳು, ಅಷ್ಟೆ. ಏನು ಮಾಡಿದ ಹಾಗಾಯಿತು?”

“ಬೇಡ ಅಂದಳಲ್ಲ, ಅದೇ ಒಂದು ಕೆಲಸ ಕಣೇ. ಆಗ ನಮಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.”

ಮೊಮ್ಮಗಳು ಇದಕ್ಕೆ ಒಪ್ಪಿದಳೆಂದು ಹೇಳಲಾಗದು. ಆದರೆ ‘ಮನ್ನನ್’ನ ಹಳೆಯ ಜಗಳವನ್ನು ತೀರಿಸಿದವಳು ಅವಳೇ. ದೂರವಾಣಿಯಲ್ಲಿ ಹುಡುಕಿ, ಮೂಲ ಕನ್ನಡ ಚಿತ್ರದ ಹೆಸರನ್ನೂ ಅದರ ಕೆಳಗೆ ರಾಧಾದೇವಿಯವರ ಹೆಸರನ್ನೂ ಸಿಸ್ಟರಮ್ಮನವರ ಮಗನಿಗೆ ತೋರಿಸಿದಳು. ಅವನಿಗೂ ಈಗ ಐವತ್ತು ದಾಟಿದೆ, ತಲೆ ನರೆತಿದೆ. ಕನ್ನಡಕ ಮೇಲೇರಿಸಿ ಎರಡು ಸಲ ಓದಿದ. “ಪೆರಿಯಮ್ಮ ಅವತ್ತೇ ಹೇಳಿದರು” ಎಂದ. ಆ ಪುಸ್ತಕ ಸಿಗುವುದೇ ಎಂದು ಕೇಳಿದ. ದೊಡ್ಡಮ್ಮನವರ ಬೀರುವಿನಲ್ಲಿ ಅದಿಲ್ಲ. ಯಾರೋ ಓದಲು ಒಯ್ದವರು ತಂದುಕೊಟ್ಟಿಲ್ಲ. ಅವೆನ್ಯೂ ರಸ್ತೆಗೆ ಹೋದಾಗಲೆಲ್ಲ ಅವನು ಈಗ ವಿಚಾರಿಸುತ್ತಾನೆ.

ದೊಡ್ಡಮ್ಮನವರಿಗೆ ಕಣ್ಣು ಮಂಜಾಗಿದೆ. ಸಣ್ಣ ಅಕ್ಷರ ಕಾಣುವುದಿಲ್ಲ. ಆದುದರಿಂದ ಈ ಮಳೆಗಾಲದಲ್ಲಿ ಸಂಜೆಯ ಕಾಫಿಯಾದ ಮೇಲೆ ಸಿಸ್ಟರಮ್ಮ ಬಂದು ‘ಬೆಳ್ಳಿಮೋಡ’ವನ್ನು ಗಟ್ಟಿಯಾಗಿ ಓದುತ್ತಾರೆ. ಐದಾರು ಪುಟಕ್ಕೆ ಒಂದು ಸಂಜೆ. ‘ಧ’ ಈಗಲೂ ‘ದ’ವೇ, ಒತ್ತಕ್ಷರ ಬಂದಲ್ಲಿ ಒಂದು ಕ್ಷಣ ನಿಂತು, ಕಾಲುವೆ ದಾಟುವವರಂತೆ ದಾಟುತ್ತಾರೆ. ಇಬ್ಬರಿಗೂ ಕಥೆ ಗೊತ್ತು, ಇಬ್ಬರೂ ಸಿನಿಮಾ ನೋಡಿದವರು. ಮೋಹನ ಪಶ್ಚಾತ್ತಾಪಪಟ್ಟು ಇಂದಿರೆಯ ಮುಂದೆ ಬಂದು ನಿಲ್ಲುವಲ್ಲಿಗೆ ಬಂದ ಸಂಜೆ ಸಿಸ್ಟರಮ್ಮ ಪುಟಕ್ಕೆ ಬೆರಳಿಟ್ಟು ಪುಸ್ತಕ ಮುಚ್ಚಿದರು.

“ಓದು, ನಿಲ್ಲಿಸಿದೆಯಲ್ಲ?”

“ನಾಳೆ ಓದೋಣ ಅಕ್ಕಾ. ಒಂದು ದಿವಸ ಇರಲಿ.”